ಹಣಮಮ್ಮ ಕೇಳಿದ ಬಂಡಿ

ದಾನೇಶ್ವರಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬಂಡಿ ಬಂದದ. ಬಂದು ನೋಡು."

ನಾನು ಯಾದಗಿರಿಯ ಶಾಲೆಯಲ್ಲಿ ಎಂಟನೆಯ ತರಗತಿಯ ಕನ್ನಡ ನೋಟುಬುಕ್ಕುಗಳನ್ನು ತಿದ್ದುತ್ತ ಕುಳಿತಿದ್ದೆ. ದಾನೇಶ್ವರಿ ನನ್ನ ಬಾಲ್ಯದ ಗೆಳತಿ. ಶಹಾಪುರದ ಗುಡ್ಡದ ಓಣಿಯಲ್ಲಿ ಅವಳ ಮನೆಯ ಗೋಡೆಗೂ ನಮ್ಮ ಮನೆಯ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟೇ ಜಾಗ. ಸಿಟ್ಟು ಬಂದರೆ ಅವಳು ಕೂಗಾಡುವವಳಲ್ಲ, ಮಾತು ಕಡಿಮೆ ಮಾಡುತ್ತಾಳೆ.

"ಬಂಡಿ ಬರೂದಂದ್ರೇನು? ಅದಕ್ಕೇನು ಕಾಲು ಅದಾವಾ?" ಎಂದೆ.

"ಗಾಲಿ ಅದಾವ," ಎಂದು ಫೋನ್ ಇಟ್ಟುಬಿಟ್ಟಳು.

ನಮ್ಮ ಬಂಡಿಗೆ ಗಾಲಿ ಇರಲು ಸಾಧ್ಯವಿಲ್ಲ. ಅದು ಕಲ್ಲು. ಓಣಿಯ ಹಿಂದೆ ಗುಡ್ಡದ ಬುಡದಲ್ಲಿ ಎರಡಾಳು ಎತ್ತರದಿಂದ ಇಳಿಜಾರಾಗಿ ಮಲಗಿರುವ ಹಾಸುಬಂಡೆ. ಅದರ ನಡುವೆ ಒಂದು ಮಗು ಕೂರುವಷ್ಟು ಅಗಲಕ್ಕೆ ಕನ್ನಡಿಯಂಥ ನುಣುಪಾದ ಜಾಡು. ಆ ಜಾಡನ್ನು ಯಾವ ಕಲ್ಲುಕುಟಿಗನೂ ಕಡೆದದ್ದಲ್ಲ. ಓಣಿಯ ಮಕ್ಕಳ ಅಂಡುಗಳು ಎಷ್ಟೋ ತಲೆಮಾರು ಉಜ್ಜಿ ಉಜ್ಜಿ ಮಾಡಿದ್ದು. ಪುಸ್ತಕದಲ್ಲಿ ಅದು ಬಂಡೆ. ನಮ್ಮ ಬಾಯಲ್ಲಿ ಮನೆ ಮನಿಯಾಗುವಂತೆ, ಎಲೆ ಎಲಿಯಾಗುವಂತೆ, ಬಂಡೆಯೂ ಬಂಡಿಯಾಗುತ್ತದೆ. ಎತ್ತು ಕಟ್ಟುವ ಗಾಡಿಯೂ ನಮಗೆ ಬಂಡಿಯೇ. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿದ್ದಿಲ್ಲ. ಬಂಡಿ ಹೂಡು ಎಂದರೆ ಯಾರೂ ಕಲ್ಲಿಗೆ ನೊಗ ಕಟ್ಟಲಿಲ್ಲ. ಬಂಡಿ ಜಾರೋಣ ಬಾ ಎಂದರೆ ಯಾರೂ ಗಾಡಿ ಹತ್ತಲಿಲ್ಲ. ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಮಾತಿಗೆ ನಿಘಂಟು ಬೇಕಾಗುವುದಿಲ್ಲ.

ಶಾಲೆ ಬಿಟ್ಟರೆ ನಾವು ಪಾಟಿಚೀಲ ಎಸೆದು ಅಲ್ಲಿಗೇ ಓಡುತ್ತಿದ್ದೆವು. ಇದ್ದವರು ಗೋಣಿತಟ್ಟು ಹಾಸಿಕೊಂಡು ಜಾರಿದರೆ ಇಲ್ಲದವರು ಉಟ್ಟ ಬಟ್ಟೆಯ ಮೇಲೆಯೇ ಜಾರುವುದು. ನನ್ನ ಸಲ್ವಾರಿನ ಹಿಂಭಾಗ ಹರಿಯದೆ ಇದ್ದ ವಾರವಿಲ್ಲ. ನಮ್ಮ ಅಮ್ಮಿ ಖುರ್ಷೀದಬೇಗಂ ಓಣಿಗೆಲ್ಲ ಬಟ್ಟೆ ಹೊಲಿಯುವವಳು. "ಫಿರ್ ಫಾಡ್‌ಕೊ ಆಯಿ ನಾ?" ಮತ್ತೆ ಹರಿದುಕೊಂಡು ಬಂದೆಯಾ ಎಂದು ಬೆನ್ನಿಗೊಂದು ಬಾರಿಸಿ ಮೆಷಿನ್ನಿಗೆ ಕೂರುತ್ತಿದ್ದಳು. ನಾಚಿಕೆಯಾಗಿಯಾದರೂ ಜಾರುವುದು ಬಿಡಲಿ ಎಂದು ಬೇಕೆಂದೇ ಕಣ್ಣಿಗೆ ಹೊಡೆಯುವ ಬಣ್ಣದ ತೇಪೆ ಹಚ್ಚುತ್ತಿದ್ದಳು. ನನ್ನ ಬಿಳಿ ಸಲ್ವಾರಿಗೆ ಗಿಣಿಹಸಿರು, ದಾನೇಶ್ವರಿಯ ನೀಲಿ ಲಂಗಕ್ಕೆ ರಕ್ತಗೆಂಪು. ನಾಚಿಕೆ ಯಾರಿಗೆ ಆಗಬೇಕು? ಹಿಂದೆ ತೇಪೆಯಿಲ್ಲದ ಹುಡುಗರನ್ನು ನಾವು ಹೇಡಿಗಳೆಂದು ಆಡಿಕೊಳ್ಳುತ್ತಿದ್ದೆವು.

ಆಮೇಲೆ ಊರು ಬೆಳೆಯಿತು ಎನ್ನುತ್ತಾರೆ. ನನಗೆ ಕಂಡಂತೆ ಬೆಳೆದದ್ದು ಕಸ. ಊರಿನ ಕಸವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಬಂಡಿಯ ಬುಡದಲ್ಲಿ ಸುರಿಯುವ ಪದ್ಧತಿ ಶುರುವಾಯಿತು. ಕಸದ ಸುತ್ತ ಜಾಲಿಕಂಟಿ ಎದ್ದಿತು, ಕಂಟಿಯ ಮರೆಗೆ ಬಾಟಲಿಗಳು ಬಂದವು, ತಾಯಂದಿರು ಮಕ್ಕಳಿಗೆ ಆ ಕಡೆ ತಲೆ ಹಾಕಬೇಡಿ ಎಂದರು. ಬಂಡಿ ಅನಾಥವಾಯಿತು. ನಾವೆಲ್ಲ ಮದುವೆ, ನೌಕರಿ ಎಂದು ಚದುರಿದೆವು, ದಾನೇಶ್ವರಿ ಮಾತ್ರ ಓಣಿಯಲ್ಲೇ ಉಳಿದಳು. ಇಷ್ಟು ವರ್ಷ ಯಾವ ಇಲಾಖೆಯ ಕಣ್ಣಿಗೂ ಅಲ್ಲೊಂದು ಗುಡ್ಡವಿದೆ ಎಂದು ಬಿದ್ದಿರಲಿಲ್ಲ. ಬೀಳದೇ ಇದ್ದದ್ದೇ ಪುಣ್ಯ ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಬಿತ್ತು. ಗುಡ್ಡದ ಬುಡದಲ್ಲಿ ಮಕ್ಕಳ ಉದ್ಯಾನ ಮಾಡುತ್ತೇವೆ, ಜನರ ಅಭಿಪ್ರಾಯ ಬೇಕು ಎಂದು ಇಂಜಿನಿಯರ್ ಸಾಹೇಬರೊಬ್ಬರು ಓಣಿಯ ಕಟ್ಟೆಗೇ ಬಂದು ಸಭೆ ಮಾಡಿದರು. ದಕ್ಷಿಣದ ಕಡೆಯವರು, ಬಂದು ಇನ್ನೂ ಹೊಸದು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಾಗ ಎದ್ದು ಮಾತಾಡಿದವಳು ದಾನೇಶ್ವರಿಯ ತಾಯಿ ಹಣಮಮ್ಮ. ಅರವತ್ತು ದಾಟಿದ ಹೆಣ್ಣುಮಗಳು. ಇದ್ದದ್ದನ್ನು ಇದ್ದಹಾಗೆ ಎದೆಗೆ ಒದ್ದಂತೆ ಹೇಳುವುದರಲ್ಲಿ ಇಡೀ ಓಣಿಗೆ ಪ್ರಸಿದ್ಧಳು.

"ನಮ್ಮ ಹುಡುಗ್ರಿಗಿ ಬ್ಯಾರೆ ಏನೂ ಬ್ಯಾಡ್ರಿ," ಎಂದಳಂತೆ. "ನಮ್ಮದೊಂದು ಹಳೇ ಬಂಡಿ ಅದ. ಅದನ್ನ ಚಂದ ಮಾಡಿ ಕೊಡ್ರಿ. ಅದರ ಮ್ಯಾಲ ಕುಂತು ಆಡ್ತಾವ."

ಸಾಹೇಬರಿಗೆ ಬಹಳ ಖುಷಿಯಾಯಿತಂತೆ. "ಹಳೇದ್ಯಾಕಮ್ಮ? ಹೊಸದೇ ಮಾಡಿಸಿಕೊಡ್ತೀವಿ," ಎಂದರಂತೆ.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೊಸ ಬಂಡಿಯನ್ನು ಮಾಡಿಸುವುದಕ್ಕೆ ಇವರೇನು ದೇವರೇ, ಸಾಹೇಬರು ಚೇಷ್ಟೆಯ ಮನುಷ್ಯ ಎಂದುಕೊಂಡರು. ದಾನೇಶ್ವರಿ ಅಂದೇ ಫೋನ್ ಮಾಡಿ ಇದನ್ನು ಹೇಳಿ ನಕ್ಕಿದ್ದಳು, ನಾನೂ ನಕ್ಕಿದ್ದೆ. ಆಮೇಲೆ ತಗಡಿನ ಬೇಲಿ ಎದ್ದಿತು. ಒಳಗೆ ಕೆಲಸ ನಡೆಯಿತು. ಕಸ ಹೋಯಿತು, ಜಾಲಿ ಹೋಯಿತು ಎಂದು ಓಣಿಯವರು ಸಂತೋಷಪಟ್ಟರು. ದಾನೇಶ್ವರಿಯ ಈ ಫೋನ್ ಬರುವ ಹಿಂದಿನ ದಿನ ತಗಡು ಬಿಚ್ಚಿದ್ದರು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹಿಡಿದೆ. ಇಳಿದವಳು ಮನೆಗೂ ಹೋಗದೆ ನೆಟ್ಟಗೆ ಗುಡ್ಡದ ಕಡೆ ನಡೆದೆ. ದಾನೇಶ್ವರಿ ಹೊಸ ಕಬ್ಬಿಣದ ಗೇಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ನೋಡು," ಎಂದಳು. "ಕಣ್ತುಂಬ ನೋಡು."

ಸಿಮೆಂಟಿನ ಎತ್ತಿನ ಗಾಡಿ. ಎರಡು ಸಿಮೆಂಟಿನ ಎತ್ತು. ನೊಗ, ಮೂಕಿ, ಗಾಲಿ, ಗಾಲಿಗೆ ಹಳದಿ ಬಣ್ಣ. ಗಾಡಿ ಹೊಡೆಯಲು ಮುಂಡಾಸು ಸುತ್ತಿದ ಒಬ್ಬ ಸಿಮೆಂಟಿನ ರೈತ, ಹಲ್ಲು ಕಿರಿದುಕೊಂಡು. ಯಾಕೆ ನಗುತ್ತಿದ್ದಾನೆ ಎಂದು ಕೇಳಬೇಕೆನಿಸಿತು. ಎತ್ತುಗಳೂ ನಮ್ಮ ಕಡೆಯವಲ್ಲ. ನೇರವಾಗಿ ಹಿಂದಕ್ಕೆ ಚಾಚಿದ ಉದ್ದ ಕೋಡು, ಸಪೂರ ಮೈ. ಅಚ್ಚು ದಕ್ಷಿಣದಿಂದಲೇ ಬಂದಿರಬೇಕು. ಒಂದು ಎತ್ತಿನ ಕೋಡು ಉದ್ಘಾಟನೆಗೆ ಮುಂಚೆಯೇ ಮುರಿದು ಒಳಗಿನ ತಂತಿ ಹೊರಬಂದಿತ್ತು. ಸುತ್ತ ಸರಪಳಿ. ಸರಪಳಿಗೆ ತೂಗುಹಾಕಿದ ಫಲಕದಲ್ಲಿ "ಹತ್ತುವುದನ್ನು ನಿಷೇಧಿಸಲಾಗಿದೆ" ಎಂದು ದಪ್ಪ ಅಕ್ಷರ. ಅದರ ಪಕ್ಕದ ಗ್ರಾನೈಟ್ ಕಲ್ಲಿನ ಮೇಲೆ "ಸ್ಥಳೀಯರ ಬೇಡಿಕೆಯ ಮೇರೆಗೆ" ಎಂದು ಬಂಗಾರದ ಅಕ್ಷರ.

ಮಕ್ಕಳ ಉದ್ಯಾನವಂತೆ. ಮಕ್ಕಳು ಹತ್ತಬಾರದಂತೆ.

"ನಮ್ಮ ಬಂಡಿ ಎಲ್ಲಿ?"

ದಾನೇಶ್ವರಿ ಗಾಡಿಯ ಹಿಂದೆ ಕೈ ತೋರಿಸಿದಳು. ಇತ್ತು. ಇಷ್ಟು ವರ್ಷದ ಮೇಲೆ ಕಸವಿಲ್ಲದೆ, ಕಂಟಿಯಿಲ್ಲದೆ, ಪೂರ್ತಿ ಮೈದೋರಿ ಬಿಸಿಲಿನಲ್ಲಿ ಮಲಗಿತ್ತು. ನಡುವಿನ ಜಾಡು ಹಾಗೆಯೇ ಹೊಳೆಯುತ್ತಿತ್ತು. ನಾನು ಹೋಗಿ ಅಂಗೈ ಇಟ್ಟೆ, ಕಾದಿತ್ತು, ನುಣ್ಣಗಿತ್ತು. ಆಮೇಲೆ ಕಂಡದ್ದು ನೆತ್ತಿಯ ಮೇಲಿನ ಕೆಂಪು ಬಣ್ಣದ ಗೀಟು ಮತ್ತು ಅಂಚಿನುದ್ದಕ್ಕೂ ಕೊರೆದಿಟ್ಟ ತೂತುಗಳು. ಕಲ್ಲೊಡೆಯುವ ತೂತು ಎಂದರೇನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಂತೇಶ ಗುತ್ತಿಗೆದಾರ, ನಮ್ಮ ಶಾಲೆಯಲ್ಲಿ ಎರಡು ವರ್ಷ ಮುಂದಿದ್ದವನು. ಶಾಮಿಯಾನದ ಕಂಬ ಹುಗಿಸುತ್ತ ಅಲ್ಲೇ ಇದ್ದ. ಈ ಬಂಡಿಯ ಮೇಲೆ ಜಾರಿ ಹಲ್ಲು ಮುರಿದುಕೊಂಡವನು ಅವನೇ. ಆ ಹಲ್ಲಿನ ಜಾಗ ಈಗಲೂ ಖಾಲಿ.

"ಸೋಮವಾರ ಒಡೀತೀವಿ," ಎಂದ, ನನ್ನ ಮುಖ ನೋಡದೆ. "ಪಾರ್ಕಿಂಗಿಗೆ ಜಾಗ ಬೇಕಲ್ಲ. ಬಂಡಿ ನೋಡಾಕ ಮಂದಿ ಕಾರ್ ತಗೊಂಡು ಬರ್ತಾರ."

"ಬಂಡಿ ನೋಡಾಕ ಬಂಡಿ ಒಡೀತೀಯೇನು?"

"ನಾ ಏನು ಮಾಡ್ಲಿ ಫರ್ಹತ? ನಕ್ಷಾದಾಗ ಹಂಗ ಅದ. ಕೇಳಿದಾಕಿ ಹಣಮಮ್ಮತ್ತಿ, ಕೊಟ್ಟವರು ಸಾಹೇಬ್ರು. ನಡುವ ನಾ ಯಾರು?"

ನಾನು ಅವನ ಬಾಯಿಯ ಖಾಲಿ ಜಾಗವನ್ನೇ ನೋಡಿದೆ. ಅವನಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಕಂಬದ ಕಡೆ ತಿರುಗಿದ.

ಇಂಜಿನಿಯರ್ ಸಾಹೇಬರು ಸಂಜೆಗೆ ಬಂದರು. ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಹಣಮಮ್ಮ ಕೇಳಿದ್ದು ಗಾಡಿಯನ್ನಲ್ಲ, ಈ ಕಲ್ಲನ್ನು. ನಮ್ಮ ಬಾಯಲ್ಲಿ ಬಂಡೆ ಎನ್ನುವುದು ಬಂಡಿಯಾಗುತ್ತದೆ. ನೀವು ತಪ್ಪು ತಿಳಿದಿದ್ದೀರಿ ಎಂದೆ.

ಅವರು ನಕ್ಕರು. "ಮೇಡಂ, ಬಂಡಿ ಅಂದರೆ ಗಾಡಿ, ಬಂಡೆ ಅಂದರೆ ಕಲ್ಲು. ನೀವೇ ಕನ್ನಡ ಟೀಚರು, ನಾನು ಹೇಳಬೇಕಾ? ಆಯಮ್ಮ ಬಂಡಿ ಅಂದಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ. ಇಲ್ಲಿಯ ಸೊಗಡು ಉಳೀಬೇಕು ಅಂತಾನೇ ಇದನ್ನ ಮಾಡಿಸಿರೋದು."

"ಈ ಕಲ್ಲೇ ಇಲ್ಲಿಯ ಸೊಗಡು ಸರ್. ಅದನ್ನು ಸೋಮವಾರ ಒಡೆಯುತ್ತಿದ್ದೀರಿ."

"ಕಲ್ಲಿಗೇನು ಮೇಡಂ, ಇಡೀ ಗುಡ್ಡ ಇದೆಯಲ್ಲ." ಆಮೇಲೆ ಕಣ್ಣರಳಿಸಿ, "ನಿಮ್ಮ ಕನ್ನಡ ಎಷ್ಟು ಶುದ್ಧ ಇದೆ ರೀ. ಮುಸ್ಲಿಂ ಅಂತ ಗೊತ್ತೇ ಆಗಲ್ಲ. ನಾಳೆ ದೊಡ್ಡ ಸಾಹೇಬರು ಬರ್ತಾರೆ, ನಿರೂಪಣೆ ನೀವೇ ಮಾಡಿಕೊಡಿ. ಆ ಹಣಮಮ್ಮನವರಿಗೆ ಒಂದು ಸನ್ಮಾನವನ್ನೂ ಇಟ್ಟುಕೊಂಡಿದ್ದೀವಿ."

ಗೊತ್ತಾಗದಿರಲು ನಾನೇನು ಬಚ್ಚಿಟ್ಟುಕೊಂಡಿದ್ದೇನೆಯೇ? ಹುಟ್ಟಿದ್ದು ಈ ಓಣಿಯಲ್ಲಿ, ಕಲಿತದ್ದು ಈ ಊರಿನ ಕನ್ನಡ ಶಾಲೆಯಲ್ಲಿ, ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವುದು ಕನ್ನಡ. ಆದರೂ ನನ್ನ ಕನ್ನಡ ಕೇಳಿ ಬೆರಗಾಗುವವರಿಗೆ ಬರಗಾಲವಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿ, ಆಗಲಿ ಎಂದೆ. ಮೈಕು ನನ್ನ ಕೈಯಲ್ಲಿದ್ದರೆ ನಾಲ್ಕು ಜನರ ಮುಂದೆ, ದೊಡ್ಡ ಸಾಹೇಬರ ಮುಂದೆ ಈ ಮಾತು ಹೇಳಬಹುದು ಎಂಬುದೇ ನನ್ನ ಲೆಕ್ಕಾಚಾರ.

ಹಣಮಮ್ಮ ಮನೆಯೊಳಗೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಯಾವಾಗಲೂ ಕಟ್ಟೆಯ ಮೇಲೆ ಕೂರುವವಳು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದಳು. ತಗಡು ಬಿಚ್ಚಿದಾಗಿನಿಂದ ಓಣಿಯವರು ಅವಳನ್ನು ಬಿಟ್ಟಿರಲಿಲ್ಲ. ನೀ ಕೇಳಿದ್ದು ಬಂತಲ್ಲ ಹಣಮಮ್ಮ, ಇನ್ನ ಹೊಡಿ ಬಂಡಿ ಎಂದು ಗಂಡಸರು ಹಂಗಿಸಿದರೆ, ಮಕ್ಕಳು ಅವಳಿಗೆ ಬಂಡಿ ಹಣಮಮ್ಮ ಎಂದು ಹೆಸರಿಟ್ಟಿದ್ದವು. ಅಂದು ಕಟ್ಟೆಯ ಮೇಲೆ ಬಾಯಿ ಬಿಡದೆ ಕುಳಿತವರೇ ಇಂದು ಹೆಚ್ಚು ಬಾಯಿ ಮಾಡುತ್ತಿದ್ದರು. ಇದು ಯಾವಾಗಲೂ ಹೀಗೆಯೇ. ಮಾತಾಡಿದವರ ತಲೆ, ಮಾತಾಡದವರ ಚಪ್ಪಲಿ.

ನಾನು ಒಳಗೆ ಹೋದರೂ ಅವಳು ತಲೆ ಎತ್ತಲಿಲ್ಲ. ಸುಲಿದ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕುತ್ತ ಹೇಳಿದಳು.

"ಈ ಮನಿಗಿ ಸೊಸಿಯಾಗಿ ಬಂದಾಗ ನಾ ಇನ್ನಾ ಲಂಗದ ಹುಡುಗಿ. ಅತ್ತಿ ಕೆಟ್ಟಾಕಿ, ನಿನಗೂ ಗೊತ್ತದ. ನೀರಿಗಿ ಹೋದಾಗ ಕೊಡ ಬಂಡಿ ಬುಡಕ ಇಟ್ಟು ನಾಕು ಸಲ ಜಾರಿ ಬರ್ತಿದ್ದೆ. ಈ ಓಣ್ಯಾಗ ನನ್ನ ಯಾರೂ ಸೊಸಿ ಅನ್ನಲಾರದ ಜಾಗ ಅದೊಂದೇ ಇತ್ತವ್ವ. ದಾನೇಶ್ವರಿ ಹೊಟ್ಯಾಗ ಬಂದ ಮ್ಯಾಲ ಬಿಟ್ಟೆ." ಒಂದು ಕಾಯಿಯನ್ನು ಹಲ್ಲಿನಲ್ಲಿ ಕಚ್ಚಿ ಒಡೆದಳು. "ಮೊಮ್ಮಕ್ಕಳರೇ ಜಾರಲಿ ಅಂತ ಕೇಳಿದೆ. ಕೇಳಲಾರದ ಸುಮ್ಮನಿದ್ರ ಕಸದಾಗರೇ ಬದುಕಿರ್ತಿತ್ತು. ನನ್ನ ಬಾಯಿಂದಲೇ ಹೋತು."

"ನಿನ್ನ ಬಾಯಿಂದಲ್ಲ, ಅವರ ಕಿವಿಯಿಂದ," ಎಂದೆ. "ನಾಳೆ ಮೈಕ್ ನನ್ನ ಕೈಯಾಗ ಇರ್ತದ. ಎಲ್ಲಾರ ಮುಂದ ಹೇಳ್ತೀನಿ ನೋಡು."

ಅವಳು ಆಗ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನೀ ಹೇಳಿದ್ರ ಅವರು ನಿನ್ನ ಕನ್ನಡ ಎಷ್ಟು ಚಂದ ಅದ ಅಂತ ಕೇಳ್ತಾರ, ಮಾತು ಕೇಳಾಂಗಿಲ್ಲ. ನಾ ಹೇಳಿದ್ರ ಗಾಡಿ ಅಂತ ತಿಳ್ಕೋತಾರ. ಬಾಯಿಲೆ ಹೇಳೂದು ಮುಗೀತು ಬಿಡವ್ವ."

ಆ ಸಂಜೆಯೇ ಇಂಜಿನಿಯರ್ ಸಾಹೇಬರ ಮುಂದೆ ನನ್ನ ಮಾತಿಗೆ ಹಾಗೆಯೇ ಆಗಿತ್ತು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಶಾಮಿಯಾನ ತುಂಬಿತ್ತು. ಉಪ್ಪಿಟ್ಟು ಇದೆ ಎಂದು ಸುದ್ದಿಯಾಗಿತ್ತು, ಬಂಡಿ ಹಣಮಮ್ಮನ ಸನ್ಮಾನ ನೋಡಿ ನಗಬಹುದು ಎಂದೂ ಸುದ್ದಿಯಾಗಿತ್ತು. ನಮ್ಮ ಅಮ್ಮಿಯೂ ಬುರ್ಖಾ ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದಳು. ಯಾದಗಿರಿಯಿಂದ ದೊಡ್ಡ ಸಾಹೇಬರು ಬಂದರು. ತೆಂಗಿನಕಾಯಿ ಒಡೆದು, ರಿಬ್ಬನ್ನು ಕತ್ತರಿಸಿ, ಸಿಮೆಂಟಿನ ಎತ್ತಿನ ಹಣೆಗೆ ಕುಂಕುಮ ಹಚ್ಚಿದರು. ಮುರಿದ ಕೋಡಿನ ಮೇಲೆ ಕಾಂತೇಶ ಒಂದು ಹೂವಿನ ಹಾರ ಸುತ್ತಿ ಮುಚ್ಚಿದ್ದ.

ದೊಡ್ಡ ಸಾಹೇಬರು ಭಾಷಣ ಮಾಡಿದರು. ಇಂದಿನ ಮಕ್ಕಳು ಮೊಬೈಲು ಹಿಡಿದು ಕೂರುತ್ತಾರೆ, ನಾವು ಚಿಕ್ಕವರಿದ್ದಾಗ ಬಯಲಲ್ಲಿ ಆಡಿದವರು ಎಂದರು. ಮಕ್ಕಳೆಲ್ಲ ಸರಪಳಿಯ ಹೊರಗೆ ಕೈಕಟ್ಟಿ ಕುಳಿತು ಅದನ್ನು ಕೇಳಿದವು. ಒಂದು ಸಣ್ಣ ಹುಡುಗಿ ಸರಪಳಿ ಮುಟ್ಟಿದ್ದಕ್ಕೆ ಕಾವಲುಗಾರ ಗದರಿಸಿದ. ನಾನು ಮೈಕು ಹಿಡಿದು ನಿಂತಿದ್ದೆ. ಸನ್ಮಾನ ಮುಗಿಯಲಿ, ಆಮೇಲೆ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ನೌಕರಿ ಏನಾದರೂ ಆಗಲಿ ಎನ್ನುವಷ್ಟು ಸಿಟ್ಟಿತ್ತು.

ಹಣಮಮ್ಮನ ಹೆಸರು ಕರೆದೆ. ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಮೇಲೆ ಬಂದಳು. ಹಿಂದಿನ ಸಾಲಿನಿಂದ ಯಾರೋ "ಬಂಡಿ ಬಂತು" ಎಂದರು, ನಗು ಎದ್ದಿತು. ದೊಡ್ಡ ಸಾಹೇಬರು ಅವಳಿಗೆ ಕೆನೆಬಣ್ಣದ ಜರಿ ಅಂಚಿನ ಶಾಲು ಹೊದಿಸಿದರು.

"ಏನಮ್ಮ, ನೀವು ಕೇಳಿದ ಬಂಡಿ ಬಂತಲ್ಲ, ಸಂತೋಷವಾಯ್ತಾ?" ಎಂದರು.

ನಾನು ಅವಳ ಬಾಯಿಯ ಮುಂದೆ ಮೈಕು ಹಿಡಿದೆ. ಅವಳು ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು. ಶಾಲನ್ನು ಹೆಗಲಿಂದ ತೆಗೆದು, ಮಡಚಿ, ಕಂಕುಳಲ್ಲಿಟ್ಟುಕೊಂಡು ವೇದಿಕೆ ಇಳಿದಳು. ಮನೆಗೆ ಹೊರಟಳು ಎಂದುಕೊಂಡೆವು. ಅವಳು ಸಿಮೆಂಟಿನ ಗಾಡಿಯ ಪಕ್ಕದಿಂದ ಹಾದು, ಅದರ ಕಡೆ ನೋಡದೆ, ಹಿಂದಿನ ಬಂಡಿಯ ಮಗ್ಗುಲಿಗೆ ಹೋದಳು. ಅಲ್ಲಿ ನಾವು ಹತ್ತುತ್ತಿದ್ದ ಮೆಟ್ಟಿಲಿನಂಥ ಕಚ್ಚುಗಳಿವೆ. ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಎರಡೂ ಕೈಯೂರಿ ಹತ್ತತೊಡಗಿದಳು.

"ಅವ್ವಾ," ಎಂದಳು ದಾನೇಶ್ವರಿ. ಓಡಲು ಹೋದವಳು ನಡುದಾರಿಯಲ್ಲಿ ನಿಂತಳು. ಅವಳಿಗೂ ತಿಳಿದಿರಬೇಕು.

ಇಂಜಿನಿಯರ್ ಸಾಹೇಬರು ಕುರ್ಚಿಯಿಂದ ಎದ್ದರು. "ಏನದು? ಆಯಮ್ಮನ್ನ ಇಳಿಸ್ರಿ, ಬಿದ್ದಾರು," ಎಂದರು. ಯಾರೂ ಕದಲಲಿಲ್ಲ. ನಗು ನಿಂತುಹೋಗಿತ್ತು. ಹಣಮಮ್ಮ ನೆತ್ತಿಗೆ ಮುಟ್ಟಿದಳು. ಕೆಂಪು ಗೀಟಿನ ಮೇಲೆಯೇ ನಿಂತು ಸನ್ಮಾನದ ಶಾಲನ್ನು ಕೊಡವಿ, ಮಡಿಕೆ ಮಾಡಿ, ಜಾಡಿನ ಬಾಯಿಗೆ ಹಾಸಿದಳು. ಅದರ ಮೇಲೆ ಕುಳಿತು ಸೀರೆಯನ್ನು ಮೊಳಕಾಲ ಕೆಳಗೆ ಒತ್ತಿ ಹಿಡಿದಳು. ಒಮ್ಮೆ ಕೆಳಗೆ ನೋಡಿದಳು. ಆ ವಯಸ್ಸಿನ ಮೊಳಕಾಲು, ಆ ಸೊಂಟ. ದೇವರೇ, ಅಲ್ಲಾ, ಯಾರಾದರೂ ಹಿಡಿಯಿರಿ ಎಂದು ಒಳಗೊಳಗೇ ಕೂಗಿದೆ.

ಜಾರಿದಳು.

ಸರ್ರೆಂದು ಬಂದಳು. ಬಿಳಿ ಕೂದಲು, ಕೆಂಪು ಸೆರಗು, ಮುಂದಕ್ಕೆ ಚಾಚಿದ ಎರಡು ಬರಿಗಾಲು. ಬುಡದಲ್ಲಿ ಪಾರ್ಕಿಂಗಿಗೆಂದು ಸುರಿದಿದ್ದ ಮುರಮಿನ ಮಣ್ಣುಗುಡ್ಡೆಯೊಳಗೆ ಕಾಲು ಮೊಳಕಾಲವರೆಗೆ ಹೂತು ತಡೆದಳು. ಆಮೇಲೆ ಅವಳು ಎದ್ದು, ಅಂಡಿಗೆ ಹತ್ತಿದ ಧೂಳು ಹೊಡೆದುಕೊಂಡು, ವೇದಿಕೆಯ ಕಡೆ ತಿರುಗಿದಳು. ದೊಡ್ಡ ಸಾಹೇಬರನ್ನೇ ನೋಡಿದಳು.

"ಇದಕ್ಕ ನಾವು ಬಂಡಿ ಅಂತೀವ್ರಿ," ಎಂದಳು. ದನಿ ಎತ್ತಿರಲಿಲ್ಲ, ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು.

ಮೊದಲು ಓಡಿದ್ದು ಸರಪಳಿ ಮುಟ್ಟಿ ಬೈಸಿಕೊಂಡಿದ್ದ ಹುಡುಗಿ. ಅದರ ಹಿಂದೆ ಉಳಿದವು. ಕಾವಲುಗಾರ ಎಷ್ಟನ್ನು ಹಿಡಿದಾನು? ಅಂಥದೊಂದು ಇಲ್ಲಿದೆ ಎಂದೇ ತಿಳಿಯದ ಮಕ್ಕಳು, ಹುಟ್ಟಿದಾಗಿನಿಂದ ಅದನ್ನು ಕಸದ ಗುಂಡಿ ಎಂದು ಕೇಳಿದ ಮಕ್ಕಳು, ಯಾರೂ ಹೇಳಿಕೊಡದೆಯೇ ಸಾಲು ಹಚ್ಚಿದವು. ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಿದ್ದ ಗೋಣಿತಟ್ಟನ್ನು ಒಬ್ಬ ಎತ್ತಿಕೊಂಡು ಓಡಿದ. ದಾನೇಶ್ವರಿ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿದು ಇಳಿಸತೊಡಗಿದಳು. ಕಾಂತೇಶ ಖಾಲಿ ಹಲ್ಲು ತೋರಿಸಿ ನಗುತ್ತಿದ್ದ, ಸಾಹೇಬರು ನೋಡಿದೊಡನೆ ಬಾಯಿ ಮುಚ್ಚಿಕೊಂಡ.

ದೊಡ್ಡ ಸಾಹೇಬರು ಇಂಜಿನಿಯರನ್ನು ಕೇಳಿದರು, "ಏನ್ರೀ ಇದು?"

"ಬಂಡೆ ಸರ್."

"ಇವರು ಕೇಳಿದ್ದು ಇದನ್ನಾ?"

ಇಂಜಿನಿಯರ್ ಸಾಹೇಬರ ಮುಖ ಕೆಂಪಾಯಿತು. ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ಎಲ್ಲ ಮರೆಯುತ್ತಿದ್ದೆ. ಅವರು ಹೇಳಿದ್ದು ಬೇರೆ. "ಬಂಡೆ ಅಂತ ಸರಿಯಾಗಿ ಹೇಳಿದ್ದಿದ್ರೆ ಮಾಡಿಕೊಡ್ತಿದ್ವಿ ಸರ್. ಇವರಿಗೆ ಕನ್ನಡಾನೇ ಸರಿಯಾಗಿ ಬರಲ್ಲ."

ಮೈಕು ಇನ್ನೂ ನನ್ನ ಕೈಯಲ್ಲಿತ್ತು. ರಾತ್ರಿಯಿಂದ ಜೋಡಿಸಿಟ್ಟ ವಾಕ್ಯಗಳೆಲ್ಲ ಶುದ್ಧವಾಗಿದ್ದವು, ಒಂದೂ ನೆನಪಾಗಲಿಲ್ಲ. ಓಣಿಯವರ ಜೊತೆ ಬಿಟ್ಟು ಸಭೆಯಲ್ಲಿ ಯಾವತ್ತೂ ಆಡದ ಮಾತು ಬಾಯಿಗೆ ಬಂತು.

"ಸರೀನೇ ಹೇಳ್ಯಾಳ್ರಿ ಸರ್," ಎಂದೆ. ಧ್ವನಿವರ್ಧಕದಲ್ಲಿ ನನ್ನ ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು. "ನಮ್ಮ ಹಳೇ ಬಂಡಿ ಅಂದಾಳ. ಅದರ ಮ್ಯಾಲ ಕುಂತು ಹುಡುಗ್ರು ಆಡ್ತಾವ ಅಂದಾಳ. ನೀವು ಒಮ್ಮೆರೇ ಎದ್ದು ಬಂದು, ಯಾವುದವ್ವ ನಿನ್ನ ಬಂಡಿ, ತೋರ್ಸು ಅಂದಿದ್ರ ಮುಗೀತಿತ್ತು. ಕಟ್ಟಿಯಿಂದ ಇಲ್ಲಿಗಿ ಎಷ್ಟು ದೂರ ಅದ್ರಿ? ಹೇಳೂದು ತಪ್ಪಾಗಿಲ್ಲ. ಕೇಳೂದು ತಪ್ಪಾಗ್ಯದ."

ಶಾಮಿಯಾನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರೆಲ್ಲ ನನ್ನನ್ನು ಬೆರಗಾಗಿ ನೋಡುತ್ತಿದ್ದರು. ಫರ್ಹತ ಟೀಚರು ಮೈಕಿನಲ್ಲಿ ಹೀಗೆ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ದೊಡ್ಡ ಸಾಹೇಬರು ನನ್ನನ್ನು ನೋಡಿದರು, ಬಂಡಿಯ ಮೇಲಿನ ಸಾಲನ್ನು ನೋಡಿದರು, ಸಿಮೆಂಟಿನ ರೈತನ ಹಲ್ಲುಗಳನ್ನೂ ನೋಡಿದರು. ಆಮೇಲೆ ಕಾಂತೇಶನನ್ನು ಕರೆದು, "ಆ ಕಲ್ಲನ್ನ ಮುಟ್ಟಬೇಡಪ್ಪ," ಎಂದರು. "ತೂತುಗಳನ್ನ ಮುಚ್ಚಿಸಿ, ಆ ಕೆಂಪು ಬಣ್ಣ ಅಳಿಸು."

"ಮತ್ತ ಪಾರ್ಕಿಂಗ್ ಸರ್?" ಎಂದ ಕಾಂತೇಶ.

"ನಡಕೊಂಡು ಬರ್ಲಿ," ಎಂದು ಅವರು ಕಾರು ಹತ್ತಿದರು.

ಅಂದು ಮಕ್ಕಳನ್ನು ಬಂಡಿಯಿಂದ ಇಳಿಸಿ ಮನೆಗೆ ಎಳೆದೊಯ್ಯುವುದರಲ್ಲಿ ಓಣಿಯ ತಾಯಂದಿರಿಗೆ ಸಾಕುಸಾಕಾಯಿತು. ನಾನೂ ಜಾರಿದೆ. ಸುಳ್ಳು ಹೇಳುವುದೇಕೆ, ಮೂರು ಸಲ ಜಾರಿದೆ. ಸಿಮೆಂಟಿನ ಗಾಡಿಯ ಕಡೆ ಯಾರೂ ಹೋಗಲಿಲ್ಲ. ಅದು ಇನ್ನೂ ಅಲ್ಲೇ ಇದೆ, ಫಲಕವೂ ಇದೆ. ಇರಲಿ, ಬಂಗಾರದ ಅಕ್ಷರವೂ ಇರಲಿ. ಇದ್ದು ನಾಚಲಿ.

ಸಂಜೆ ಹಣಮಮ್ಮ ನಮ್ಮ ಮನೆಗೆ ಬಂದಳು. ಸೊಂಟ ಹಿಡಿದ ಹಾಗೆ ಸ್ವಲ್ಪ ಕುಂಟುತ್ತಿದ್ದಳು, ಮುಖ ಮಾತ್ರ ಲಂಗದ ಹುಡುಗಿಯದಾಗಿತ್ತು. ಕಂಕುಳಿಂದ ಸನ್ಮಾನದ ಶಾಲು ತೆಗೆದು ಅಮ್ಮಿಯ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಳು. ನಡುಮಧ್ಯದಲ್ಲಿ ಅಂಗೈಯಗಲದ ತೂತು ಬಿದ್ದಿತ್ತು.

ಅಮ್ಮಿ ಶಾಲನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ಹಣಮಮ್ಮನನ್ನು ನೋಡಿದಳು. "ಈ ವಯಸ್ಸಿನಾಗ ಹರಕೊಂಡು ಬಂದೀಯಲ್ಲ," ಎಂದಳು. ಆಮೇಲೆ ಚಿಂದಿಯ ಡಬ್ಬಿ ತೆಗೆದು ಕೆನೆಬಣ್ಣದ ಒಂದು ತುಂಡು ಹುಡುಕಿ ತೂತಿನ ಮೇಲೆ ಇಟ್ಟು ನೋಡಿದಳು. ಎರಡೂ ಬಣ್ಣ ಒಂದೇ ಆಗಿ ಹೊಂದಿಕೊಂಡವು.

ಹಣಮಮ್ಮ ಆ ತುಂಡನ್ನು ಎತ್ತಿ ಡಬ್ಬಿಗೆ ವಾಪಸು ಹಾಕಿದಳು. ಕೈಯಾಡಿಸಿ ತಳದಿಂದ ಗಿಣಿಹಸಿರಿನ ಒಂದು ಚೂರು ಎಳೆದಳು.

"ಇದನ್ನ ಹಚ್ಚು," ಎಂದಳು. "ತ್ಯಾಪಿ ಎಲ್ಲಾರಿಗೂ ಕಾಣಬೇಕು."